ಮನೆಯೊಳಗಿನ ಜೇಡ: ಓಡಿಸಲು ವಿಷ ಬೇಕೇ?

ಹಬ್ಬ ಹತ್ತಿರ ಬಂತೆಂದರೆ ಇಲ್ಲಣ ಹೊಡೆಯುವ ಕೆಲಸ ಶುರು. ಆಗ ಸಂಘದ ಸಭೆಗಳಲ್ಲಿ ಕೇಳಿಬರುವ ಮಾತು: "ಎಷ್ಟು ಗುಡಿಸಿದ್ರೂ ಜೇಡ ಹೋಗೋದಿಲ್ಲ, ಏನಾದ್ರೂ ಔಷಧಿ ಹೊಡೀಬಹುದಾ?" ತೋಟಕ್ಕೆ ತಂದು ಉಳಿದ ಕೀಟನಾಶಕವನ್ನೇ ನೀರಿಗೆ ಬೆರೆಸಿ ಮನೆಯ ಮೂಲೆಗಳಿಗೆ ಸಿಂಪಡಿಸುವವರೂ ಇದ್ದಾರೆ. ಇದರಿಂದ ಜೇಡಕ್ಕಿಂತ ಮನೆಮಂದಿಗೇ ಹೆಚ್ಚು ಅಪಾಯ.

ಮೊದಲು ನಮ್ಮ ಮನೆಯ ಜೇಡಗಳನ್ನು ಗುರುತಿಸೋಣ. ಮಾಡಿನ ಮೂಲೆಯಲ್ಲಿ ತಲೆಕೆಳಗಾಗಿ ತೂಗುವ, ನೂಲಿನಂತಹ ಉದ್ದ ಕಾಲಿನ ಜೇಡ ಒಂದು. ಕಿಟಕಿಯ ಬಳಿ ಹಾರಿ ಹಾರಿ ನೊಣ ಹಿಡಿಯುವ ಪುಟ್ಟ ಜೇಡ ಇನ್ನೊಂದು. ರಾತ್ರಿ ಗೋಡೆಯ ಮೇಲೆ ಓಡುವ, ಅಂಗೈ ಅಗಲದ ಕಂದು ಜೇಡ ಮೂರನೆಯದು. ಇದು ಬಲೆ ಕಟ್ಟುವುದಿಲ್ಲ, ಜಿರಳೆ ಹಿಡಿದು ತಿನ್ನುತ್ತದೆ. ಇವು ಯಾವುವೂ ತಾವಾಗಿ ನಮ್ಮ ಮೇಲೆ ಬೀಳುವುದಿಲ್ಲ. ದೊಡ್ಡದನ್ನು ಕೈಯಲ್ಲಿ ಅದುಮಿದರೆ ಕಚ್ಚೀತು; ಸ್ವಲ್ಪ ನೋವು, ಊತ ಬಂದು ಇಳಿಯುತ್ತದೆ.

"ಜೇಡ ಉಚ್ಚೆ ಹೊಯ್ದು ಗುಳ್ಳೆ ಎದ್ದಿದೆ" ಎಂದು ಕೆಲವರು ಹೇಳುತ್ತಾರೆ. ಮೈಯ ಒಂದೇ ಬದಿಯಲ್ಲಿ ಉರಿಯೊಂದಿಗೆ ಸಾಲಾಗಿ ಏಳುವ ಗುಳ್ಳೆ ಹೆಚ್ಚಾಗಿ ಸರ್ಪಸುತ್ತು. ಅದಕ್ಕೆ ಜೇಡ ಕಾರಣವಲ್ಲ. ಮೂರು ದಿನದೊಳಗೆ ವೈದ್ಯರಿಗೆ ತೋರಿಸಿದರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ.

ಔಷಧಿ ಏಕೆ ಸಾಲದು?

ಅಂಗಡಿಯ ಸ್ಪ್ರೇ ನೇರವಾಗಿ ಮೈಮೇಲೆ ಬಿದ್ದರೆ ಜೇಡ ಸಾಯುತ್ತದೆ. ಆದರೆ ಗೋಡೆಗೆ ಹೊಡೆದು ಬಿಟ್ಟ ಔಷಧಿ ಅದಕ್ಕೆ ಅಷ್ಟಾಗಿ ತಾಗದು. ಅದು ನಡೆಯುವುದು ಕಾಲಿನ ತುದಿಯಲ್ಲಿ, ಕೂರುವುದು ಬಲೆಯಲ್ಲಿ. ನೂಲಿನ ಚೀಲದೊಳಗಿನ ಮೊಟ್ಟೆಗಳಿಗೂ ಔಷಧಿ ಸುಲಭವಾಗಿ ತಲುಪದು. ಅದೇ ವಿಷ ನೆಲಕ್ಕೆ, ಪಾತ್ರೆಗೆ, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಹಿಂದೆ ಮನೆಗಳಲ್ಲೂ ಬಳಸುತ್ತಿದ್ದ ಡೈಕ್ಲೋರ್ವಾಸ್ ಎಂಬ ಕೀಟನಾಶಕವನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಬಾಟಲಿ ಇದ್ದರೆ ಬಳಸಬೇಡಿ.

ಜೇಡಕ್ಕೆ ಶತ್ರುಗಳೂ ಇವೆ. ಹಲ್ಲಿ ಹಿಡಿಯುತ್ತದೆ. ಒಂದು ಜಾತಿಯ ಕಣಜ ಜೇಡಗಳನ್ನು ಕುಟುಕಿ, ಗೋಡೆಯ ಮಣ್ಣಿನ ಗೂಡಿನಲ್ಲಿ ಮರಿಗಳಿಗೆಂದು ತುಂಬಿಡುತ್ತದೆ. ಉದ್ದ ಕಾಲಿನ ಜೇಡ ಬೇರೆ ಜೇಡಗಳನ್ನೇ ತಿನ್ನುತ್ತದೆ.

ನಾವು ಮಾಡಬೇಕಾದದ್ದು

1. ಉದ್ದ ಕೋಲಿಗೆ ಪೊರಕೆ ಕಟ್ಟಿ ವಾರಕ್ಕೊಮ್ಮೆ ಬಲೆ ತೆಗೆಯಿರಿ. ಮೊಟ್ಟೆಚೀಲ ಸಿಕ್ಕರೆ ಹೊರಗೆ ಹಾಕಿ.
2. ರಾತ್ರಿ ಬಾಗಿಲ ಬಳಿಯ ದೀಪ ಆರಿಸಿ. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ.
3. ಸೌದೆ, ಹಳೇ ಗೋಣಿಚೀಲಗಳ ರಾಶಿಯನ್ನು ಗೋಡೆಯಿಂದ ದೂರ ಇಡಿ.
4. ದೊಡ್ಡ ಜೇಡದ ಮೇಲೆ ಲೋಟ ಕವುಚಿ, ಅಡಿಗೆ ರಟ್ಟು ತೂರಿಸಿ ಹೊರಗೆ ಬಿಡಿ.
5. ಕೀಟನಾಶಕವನ್ನು ತಂದ ಬಾಟಲಿಯಲ್ಲೇ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಕೀಟನಾಶಕ ಸೋಕಿದ ಮೇಲೆ ಯಾರಿಗಾದರೂ ಜೊಲ್ಲು ಸುರಿದರೆ, ವಾಂತಿ, ವಿಪರೀತ ಬೆವರು, ಉಸಿರಾಟದ ತೊಂದರೆ ಕಂಡರೆ ತಡಮಾಡಬೇಡಿ. ಗಾಳಿ ಇರುವಲ್ಲಿಗೆ ಕರೆತನ್ನಿ, ಬಟ್ಟೆ ತೆಗೆದು ಸಾಬೂನು ನೀರಿನಿಂದ ಮೈ ತೊಳೆಯಿರಿ, 108ಕ್ಕೆ ಫೋನ್ ಮಾಡಿ. ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಜೇಡಕ್ಕೆ ಪೊರಕೆ ಸಾಕು. ಮನೆಯೊಳಗೆ ವಿಷ ಬೇಡ.