ಪೊಲೀಸ್ ಮಾಮ ಬಾಗಿಲ ಹಿಂದೆ ಯಾಕೆ ನಿಲ್ಲುತ್ತಾರೆ?

ಕಳೆದ ವಾರ ರಾತ್ರಿ ರುಮೈಥಿಯಾದಲ್ಲಿ ತಪಾಸಣೆಗೆಂದು ನಮ್ಮ ಕಾರನ್ನು ನಿಲ್ಲಿಸಿದರು. ಹಿಂದಿನ ಸೀಟಿನಿಂದ ಆರು ವರ್ಷದ ಮಗಳು ಪಿಸುಗುಟ್ಟಿದಳು: "ಅಮ್ಮಾ, ಪೊಲೀಸ್ ಮಾಮ ಬಾಗಿಲ ಹಿಂದೆ ಯಾಕೆ ನಿಂತಿದ್ದಾರೆ? ನಮ್ಮನ್ನು ಕಂಡರೆ ಭಯವಾ?"

ನಿಮ್ಮ ಮಕ್ಕಳೂ ಹೀಗೆ ಕೇಳಿದರೆ ಮಾತು ತೇಲಿಸಬೇಡಿ. ಭಯಕ್ಕೆ ಕಾರಣವಿದೆ. 2021ರ ಜೂನ್ 28ರಂದು ಕುವೈತಿನ ಮಹಬೂಲಾದಲ್ಲಿ ಕರ್ತವ್ಯದಲ್ಲಿದ್ದ ಸಂಚಾರ ಪೊಲೀಸರೊಬ್ಬರನ್ನು ಚಾಕುವಿನಿಂದ ಇರಿದು ಕೊಂದರು. ನಮ್ಮ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ 2023ರ ಜೂನ್‌ನಲ್ಲಿ ಮರಳು ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಅದೇ ಟ್ರ್ಯಾಕ್ಟರಿನಡಿ ಸಿಕ್ಕಿ ಸತ್ತರು.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಕೊಟ್ಟರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ. ಸೊಂಟದ ಪಿಸ್ತೂಲು ತೆಗೆದು ಗುರಿಯಿಡಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ದಾಳಿ ಮಾಡುವವನು ಮೊದಲು ಹೊರಡುತ್ತಾನೆ, ತಡೆಯುವವನು ಆಮೇಲೆ. ಅದಕ್ಕೇ ಅನೇಕ ದೇಶಗಳಲ್ಲಿ ಪೊಲೀಸರಿಗೆ ಚಾಲಕನ ಬಾಗಿಲಿಗಿಂತ ತುಸು ಹಿಂದೆ ನಿಲ್ಲಲು ಕಲಿಸುತ್ತಾರೆ. ಅಲ್ಲಿ ನಿಂತವರ ಮೇಲೆ ದಾಳಿ ಮಾಡಬೇಕಾದರೆ ಚಾಲಕ ಮೈ ತಿರುಗಿಸಲೇಬೇಕು. ಆ ತಿರುವು ಕೊಡುವ ಅರೆಕ್ಷಣದಲ್ಲಿ ಅವರ ಜೀವ ಉಳಿಯಬಹುದು. ಅವರ ಕಣ್ಣು ನಿಮ್ಮ ಕೈಗಳ ಮೇಲಿರುವುದೂ ಇದಕ್ಕೇ.

ಹಾಗಾದರೆ ನೀವೇನು ಮಾಡಬೇಕು?

• ಕಾರು ನಿಲ್ಲಿಸಿ, ಕಿಟಕಿ ಇಳಿಸಿ. ರಾತ್ರಿಯಾದರೆ ಒಳಗಿನ ದೀಪ ಹಾಕಿ.
• ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಬ್ಯಾಗಿಗೆ ಕೈ ಹಾಕುವ ಮೊದಲು ಹೇಳಿ, ಆಮೇಲೆ ನಿಧಾನವಾಗಿ ತೆಗೆಯಿರಿ.
• ಮಕ್ಕಳ ಬೆಲ್ಟ್ ಹಾಕಿಯೇ ಇರಲಿ, ಕೈಗಳು ಮಡಿಲಲ್ಲಿರಲಿ. ಆಟಿಕೆ ಪಿಸ್ತೂಲು ಕಾರಿನಲ್ಲಿ ಬೇಡವೇ ಬೇಡ.

ಇಲ್ಲಿ ಪೊಲೀಸರು ಕೇಳುವ ಗಾಡಿಯ ನೋಂದಣಿ ಪತ್ರಕ್ಕೆ 'ದಫ್ತರ್' ಎನ್ನುತ್ತಾರೆ. ನಮ್ಮ ಅಜ್ಜಂದಿರ ಕಚೇರಿಯ 'ದಫ್ತರ'ವೂ ಇದೇ ಪದ ಎಂದು ಹೇಳಿ ನೋಡಿ, ಮಕ್ಕಳ ಹೆದರಿಕೆ ಅರ್ಧ ಇಳಿಯುತ್ತದೆ.

ನಿಮ್ಮ ಕಣ್ಣೆದುರೇ ದಾಳಿ ನಡೆದರೆ? ದಾರಿ ತೆರೆದಿದ್ದರೆ ಅಲ್ಲಿಂದ ಹೊರಟುಬಿಡಿ. ಇಲ್ಲದಿದ್ದರೆ ಎಲ್ಲರೂ ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಗ್ಗಿ. ಕಾರಿನ ಬಾಗಿಲು ಗುಂಡನ್ನು ತಡೆಯುತ್ತದೆಂದು ನಂಬಬೇಡಿ. ಸುರಕ್ಷಿತ ಜಾಗ ಸೇರಿದ ಮೇಲೆ 112ಕ್ಕೆ ಕರೆ ಮಾಡಿ. ವಿಡಿಯೋ ತೆಗೆಯುತ್ತಾ ನಿಲ್ಲಬೇಡಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರಬಿ ಕೇಳುವ ಮಕ್ಕಳಿಗೆ ಗಾಬರಿಯ ಹೊತ್ತಿನಲ್ಲಿ ಉದ್ದದ ವಾಕ್ಯ ತಲುಪುವುದಿಲ್ಲ. ನಾವು ಒಂದೇ ಪದ ಆರಿಸಿಕೊಂಡಿದ್ದೇವೆ: "ಬಗ್ಗು!" ಅದನ್ನು ಕೇಳಿದ ಕೂಡಲೇ ತಲೆ ಮೊಣಕಾಲಿಗೆ, ಪ್ರಶ್ನೆ ಆಮೇಲೆ. ಈ ಶುಕ್ರವಾರ ಮನೆ ಮುಂದೆ ಕಾರು ನಿಂತಿರುವಾಗ ನೀವೂ ಇದನ್ನು ಆಟವಾಗಿ ಎರಡು ಸಲ ಆಡಿಸಿ. ಆ ಪದ ನಿಜಕ್ಕೂ ಬೇಕಾಗುವ ದಿನ ಬಾರದಿರಲಿ.

ಅಂದು ರಾತ್ರಿ ಮಗಳಿಗೆ ಹೇಳಿದೆ: "ಅವರಿಗೆ ನಮ್ಮ ಪರಿಚಯವಿಲ್ಲ ಪುಟ್ಟಾ. ನಮ್ಮ ಕೈ ಕಂಡರೆ ಸಾಕು, ಅವರ ಭಯ ಹೋಗುತ್ತದೆ." ಅವಳು ಎರಡೂ ಅಂಗೈ ಬಿಚ್ಚಿ ಕಿಟಕಿಯತ್ತ ತೋರಿಸಿದಳು. ಅವರೂ ನಗುತ್ತಾ ಕೈ ಬೀಸಿದರು.