ಉಪಕಾರಕ್ಕೆ ಸ್ಟಾರ್ ಬೇಕೇ?

ನವೆಂಬರ್ 13 ವಿಶ್ವ ದಯಾ ದಿನ. ಮರುದಿನವೇ ನಮ್ಮಲ್ಲಿ ಮಕ್ಕಳ ದಿನಾಚರಣೆ. ಈ ಹೊತ್ತಿಗೆ ಕೆಲವು ತರಗತಿಗಳ ಗೋಡೆಗೆ ಚಾರ್ಟು ಬರುತ್ತದೆ: ಪೆನ್ಸಿಲ್ ಕೊಟ್ಟವರಿಗೆ ಒಂದು ಸ್ಟಾರ್, ಬಿದ್ದವರನ್ನು ಎಬ್ಬಿಸಿದವರಿಗೆ ಇನ್ನೊಂದು. ಹೆಚ್ಚು ಸ್ಟಾರ್ ಪಡೆದವರಿಗೆ ಬಹುಮಾನ. ಇದರಿಂದ ಮಕ್ಕಳಲ್ಲಿ ಒಳ್ಳೆಯತನ ಬೆಳೆಯುತ್ತದೆಯೇ? ಶಿಕ್ಷಕರ ಈ ಪ್ರಶ್ನೆಗೆ ಹತ್ತಿರದ ಸಂಗತಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ಕೆನಡಾದ ವ್ಯಾಂಕೂವರ್‌ನಲ್ಲಿ 19 ತರಗತಿಗಳ, 9ರಿಂದ 11 ವರ್ಷದ ನಾನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕ್ರಿಸ್ಟಿನ್ ಲೇಯಸ್, ಸೋನ್ಯಾ ಲ್ಯುಬೊಮಿರ್‌ಸ್ಕಿ, ಕಿಂಬರ್ಲಿ ಶೋನರ್ಟ್-ರೈಕಲ್ ಮತ್ತು ಸಂಗಡಿಗರು ಅರ್ಧದಷ್ಟು ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ನಾಲ್ಕು ವಾರ, ವಾರಕ್ಕೆ ಮೂರು ಉಪಕಾರ ಮಾಡಿ, ಬರೆದಿಡಿ. ಉಳಿದವರು ವಾರಕ್ಕೆ ಮೂರು ಜಾಗಗಳಿಗೆ ಹೋಗಿಬಂದು ಅದನ್ನು ಬರೆಯಬೇಕಿತ್ತು. ಮಕ್ಕಳು ಬರೆದದ್ದೆಲ್ಲ ಪುಟ್ಟ ಸಂಗತಿಗಳೇ. ದಣಿದ ಅಮ್ಮನನ್ನು ಅಪ್ಪಿಕೊಂಡೆ, ಊಟದ ಡಬ್ಬಿಯಲ್ಲಿದ್ದುದನ್ನು ಹಂಚಿಕೊಂಡೆ, ಮನೆಯ ನೆಲ ಸ್ವಚ್ಛ ಮಾಡಿದೆ.

ತಿಂಗಳ ನಂತರ ಎರಡೂ ಗುಂಪಿನವರ ಖುಷಿ ಹೆಚ್ಚಿತ್ತು. ವ್ಯತ್ಯಾಸ ಕಂಡದ್ದು ಬೇರೆ ಕಡೆ. ತರಗತಿಯ ಹೆಸರುಪಟ್ಟಿಯಲ್ಲಿ 'ಯಾರ ಜೊತೆ ಕೆಲಸ ಮಾಡಲು ಇಷ್ಟ?' ಎಂದು ಗುರುತು ಹಾಕಿಸಿದಾಗ, ಉಪಕಾರ ಮಾಡಿದ ಮಕ್ಕಳನ್ನು ಆರಿಸಿದವರ ಸಂಖ್ಯೆ ಸರಾಸರಿ ಒಂದೂವರೆಯಷ್ಟು ಏರಿತ್ತು. ಇನ್ನೊಂದು ಗುಂಪಿನಲ್ಲಿ ಏರಿಕೆ ಸುಮಾರು ಅದರ ಅರ್ಧ. ಸಹಪಾಠಿಗಳಿಗೇ ನೆರವಾಗಿ ಎಂದು ಯಾರೂ ಹೇಳಿರಲಿಲ್ಲ ಎಂಬುದನ್ನು ಮರೆಯಬಾರದು. ಅಮ್ಮನಿಗೋ ನೆರೆಯವರಿಗೋ ಮಾಡಿದ ಸಹಾಯವೂ ಮಗುವಿನ ನಡೆನುಡಿಯನ್ನು ತರಗತಿಯಲ್ಲಿ ಹಿತವಾಗಿಸಿದಂತಿದೆ. ಒಂಟಿಯಾಗಿ ಕೂರುವ ಮಗುವಿನ ಪಾಲಿಗೆ ಒಬ್ಬ ಹೊಸ ಗೆಳೆಯನೆಂದರೆ ಎಷ್ಟು ದೊಡ್ಡದು ಎಂಬುದು ಮೇಷ್ಟ್ರುಗಳಿಗೆ ಗೊತ್ತು.

ಇನ್ನು ಬಹುಮಾನದ ಮಾತು. ಮೊದಲು, ಬಹುಮಾನವೇ ಇಲ್ಲದೆ ಮಕ್ಕಳು ನೆರವಾಗುತ್ತಾರೆಯೇ ಎಂದು ನೋಡೋಣ. ಮನೋವಿಜ್ಞಾನಿಗಳಾದ ಜರ್ಮನಿಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಅಮೆರಿಕದ ಮೈಕೆಲ್ ಟೊಮಸೆಲ್ಲೊ 2006ರಲ್ಲಿ 18 ತಿಂಗಳ 24 ಕೂಸುಗಳ ಮುಂದೆ ಒಂದು ಆಟ ಹೂಡಿದರು. ಬಟ್ಟೆ ಒಣಹಾಕುತ್ತಿದ್ದವನ ಕೈಯಿಂದ ಕ್ಲಿಪ್ ಜಾರಿ ಬೀಳುತ್ತದೆ, ಬಗ್ಗಿದರೂ ಎಟುಕುವುದಿಲ್ಲ. ಯಾರೂ ಕೇಳದಿದ್ದರೂ ಕೂಸುಗಳು ತಟಪಟ ನಡೆದು ಹೋಗಿ ಎತ್ತಿಕೊಟ್ಟವು. ಬೇಕೆಂದೇ ಎಸೆದಾಗ ಹೆಚ್ಚಿನವು ಸುಮ್ಮನಿದ್ದವು. ಇಂಥ ಬೇರೆ ಬೇರೆ ಸನ್ನಿವೇಶಗಳಲ್ಲಿ 24ರಲ್ಲಿ 22 ಕೂಸುಗಳು ಒಮ್ಮೆಯಾದರೂ ನೆರವಾದವು. ನೆರವಾಗುವ ಬುದ್ಧಿ ಮಾತು ಬಲಿಯುವ ಮುನ್ನವೇ ಇರುತ್ತದೆ!

2008ರಲ್ಲಿ ಅವರೇ 20 ತಿಂಗಳ ಕೂಸುಗಳನ್ನು ಮೂರು ಗುಂಪು ಮಾಡಿದರು. ಸಹಾಯಕ್ಕೆ ಪ್ರತಿಯಾಗಿ ಒಂದು ಗುಂಪಿಗೆ ಆಟದ ವಸ್ತು, ಇನ್ನೊಂದಕ್ಕೆ ಹೊಗಳಿಕೆ, ಮೂರನೆಯದಕ್ಕೆ ಏನೂ ಇಲ್ಲ. ಆಮೇಲೆ ಬಹುಮಾನ ನಿಲ್ಲಿಸಿದಾಗ, ವಸ್ತು ಪಡೆದಿದ್ದ ಕೂಸುಗಳೇ ಮಿಕ್ಕವರಿಗಿಂತ ಕಡಿಮೆ ಸಹಾಯ ಮಾಡಿದವು. ಸ್ಟಾರ್ ಚಾರ್ಟು ಹಚ್ಚುವ ಮುನ್ನ ಯೋಚಿಸಬೇಕಾದ ಫಲಿತಾಂಶವಿದು.

ಹಾಗೆಂದು ದಯೆಯನ್ನು ಸರ್ವರೋಗ ಪರಿಹಾರಿಯೆಂದು ಮಾರುವವರನ್ನೂ ನಂಬಬೇಕಿಲ್ಲ. ಸಂಶೋಧಕ ಆಲಿವರ್ ಸ್ಕಾಟ್ ಕರಿ ಅವರ ತಂಡ 2018ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಉಪಕಾರ ಮಾಡಿದವರ ಸಂತೋಷ ಹೆಚ್ಚುವುದು ನಿಜವೆಂದೂ ಆ ಹೆಚ್ಚಳ ಸಾಧಾರಣವೆಂದೂ ಕಂಡುಬಂತು.

ಬಹುಮಾನವಿಲ್ಲದೆಯೂ ಒಳ್ಳೆಯತನ ಬೆಳೆಯಬಲ್ಲದು ಎಂಬುದಕ್ಕೆ ಭಾರತದ ಪುರಾವೆಯೂ ಇದೆ. 2007ರಿಂದ ದೆಹಲಿಯ ಅನೇಕ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಪರಿಶೀಲಿಸಿದಾಗ, ಬಡ ಸಹಪಾಠಿಗಳೊಂದಿಗೆ ಕಲಿತ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು, ಬಡವರನ್ನು ದೂರವಿಡುವುದು ಅವರಲ್ಲಿ ಕಡಿಮೆಯಾಗಿತ್ತು. ಯಾವ ನೀತಿಪಾಠವೂ ಇಲ್ಲದೆ, ಬೆಂಚು ಹಂಚಿಕೊಂಡದ್ದರಿಂದ ಆದ ಬದಲಾವಣೆಯಿದು.

ಶಿಕ್ಷಕರು ಈ ನವೆಂಬರಿನಲ್ಲಿ ಚಾರ್ಟಿನ ಬದಲು ವ್ಯಾಂಕೂವರ್ ದಾರಿ ಹಿಡಿದು ನೋಡಲಿ. ವಾರಕ್ಕೆ ಮೂರು ಉಪಕಾರ. ಏನು, ಯಾರಿಗೆ ಎಂಬುದನ್ನು ಮಗುವೇ ಆರಿಸಲಿ, ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಅದಕ್ಕೆ ಅಂಕ, ಬಹುಮಾನ, ಫೋಟೊ ಯಾವುದೂ ಬೇಡ.