ಮೂರ್ಛೆ ರೋಗ: ಸೆಳವಿನ ಬಗೆಗಳನ್ನು ಅರಿಯಿರಿ

ಬೇಸಾಯಶಾಸ್ತ್ರ ಓದಿದವನಿಗೆ ಕಾಯಿಲೆಯ ಮಾತು ಏಕೆಂದು ರೈತ ಬಾಂಧವರು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕೆಂಗೇರಿ ಆಚೆಯ ಹಳ್ಳಿಯೊಂದರಲ್ಲಿ ರಾಗಿ ಬೆಳೆಯ ಕ್ಷೇತ್ರೋತ್ಸವ ಮುಗಿಸಿ ರೈತರೊಬ್ಬರ ಜಗುಲಿಯ ಮೇಲೆ ಕುಳಿತಿದ್ದೆ. ಬಚ್ಚಲಿನಲ್ಲಿ ಚೊಂಬು ಉರುಳಿದ ಸದ್ದಾಯಿತು. ಓಡಿಹೋಗಿ ನೋಡಿದರೆ, ಆ ಮನೆಯ ಹದಿನಾಲ್ಕು ವರ್ಷದ ಹುಡುಗ ಗೋಡೆಗೊರಗಿ, ದೃಷ್ಟಿ ನೆಟ್ಟು, ಏನೇನೋ ಗೊಣಗುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಕೈಕಾಲು ಸೆಳೆಯತೊಡಗಿತು. ಯಾರೋ ಕಬ್ಬಿಣದ ಬೀಗದ ಕೈ ತಂದು ಅವನ ಅಂಗೈಗೆ ಒತ್ತಿದರು. "ಶನಿವಾರ ಬಂದ್ರೆ ಹಿಂಗೇ ಸ್ವಾಮಿ, ಶನಿಕಾಟ" ಎಂದರು ಅಜ್ಜಿ. ಎರಡು ವರ್ಷದಿಂದ ತಾಯಿತ, ಹರಕೆ ಎಲ್ಲವೂ ಆಗಿತ್ತು.

ಶನಿವಾರ ಆ ಮನೆಯಲ್ಲಿ ಗಂಡಸರ ಎಣ್ಣೆಸ್ನಾನದ ದಿನ. ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಹೊಯ್ಯುವ ದಿನ. ಇದರ ಅರ್ಥ ಅಂದು ನನಗೂ ಹೊಳೆಯಲಿಲ್ಲ. ಆಮೇಲೆ ವೈದ್ಯ ಮಿತ್ರರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ "ಯಾವಾಗ ಬರುತ್ತದೆ, ಹೇಗೆ ಶುರುವಾಗುತ್ತದೆ?" ಎಂಬುದು. ಹಳದಿಯಾದ ಎಲೆಯನ್ನು ನೀವು ತಂದಾಗ ನಾವೂ ಇದನ್ನೇ ಕೇಳುತ್ತೇವಲ್ಲವೇ? ಕೆಳಗಿನ ಹಳೆಯ ಎಲೆ ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು. ಸುಳಿಯ ಎಳೆ ಎಲೆಯಾದರೆ ಕಬ್ಬಿಣದ ಕೊರತೆ ಇರಬಹುದು. ಬಣ್ಣ ಒಂದೇ, ಮದ್ದು ಬೇರೆ.

ಮಿದುಳಿನ ಜೀವಕೋಶಗಳು ಸಣ್ಣ ಪ್ರಮಾಣದ ವಿದ್ಯುತ್ತಿನಿಂದ ಕೆಲಸ ಮಾಡುತ್ತವೆ. ಬಹಳಷ್ಟು ಕೋಶಗಳು ಹಠಾತ್ತನೆ ಒಟ್ಟಿಗೆ ಕೆರಳಿದಾಗ ಬರುವುದೇ ಸೆಳವು. ಒಮ್ಮೆ ಸೆಳವು ಬಂದ ಮಾತ್ರಕ್ಕೆ ಅದು ಮೂರ್ಛೆ ರೋಗವಲ್ಲ. ಮಕ್ಕಳಿಗೆ ಜ್ವರ ಏರಿದಾಗ, ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ತೀರ ಇಳಿದಾಗ ಕೂಡ ಬರಬಹುದು. ಸ್ಪಷ್ಟ ಕಾರಣವಿಲ್ಲದೆ ಮರುಕಳಿಸಿದರೆ ಮೂರ್ಛೆ ರೋಗವೆನ್ನುತ್ತಾರೆ. ಇದು ಅಂಟುರೋಗವಲ್ಲ.

ಬಿದ್ದು, ಸೆಟೆದು, ಒದ್ದಾಡಿ, ಬಾಯಲ್ಲಿ ನೊರೆ ಬರುವುದನ್ನಷ್ಟೇ ನಾವು ಫಿಟ್ಸ್ ಎಂದು ಗುರುತಿಸುತ್ತೇವೆ. ಮಿದುಳಿನ ಎರಡೂ ಪಾರ್ಶ್ವಗಳು ಕೆರಳಿದಾಗ ಆಗುವುದು ಅದು. ಅದೇ ಗುಂಪಿಗೆ ಸೇರಿದ ಇನ್ನೊಂದು ಬಗೆಯಲ್ಲಿ ಓದುತ್ತಿದ್ದ ಮಗು ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತು, ಮತ್ತೆ ಓದು ಮುಂದುವರಿಸುತ್ತದೆ. ಗಮನವಿಲ್ಲವೆಂದು ಮೇಷ್ಟ್ರು ಗದರುತ್ತಾರೆ, ಪಾಪ. ಬೆಳಗ್ಗೆ ಎದ್ದೊಡನೆ ಕೈ ಝಾಡಿಸಿ ಕಾಫಿ ಲೋಟ ಎಗರಿ ಬೀಳುವುದೂ ಒಂದು ಬಗೆಯ ಸೆಳವಾಗಿರಬಹುದು. ಮಿದುಳಿನ ಒಂದು ಭಾಗವಷ್ಟೇ ಕೆರಳಿದರೆ ಒಂದು ಕೈ ಅಥವಾ ತುಟಿಯ ಒಂದು ಬದಿ ಅದುರುತ್ತದೆ. ಇಲ್ಲದ ವಾಸನೆ ಬರುತ್ತದೆ. ಅಥವಾ ವ್ಯಕ್ತಿ ಎಚ್ಚರವಿದ್ದಂತೆ ಕಂಡರೂ ತುಟಿ ಚಪ್ಪರಿಸುತ್ತ, ಬಟ್ಟೆ ಹಿಸುಕುತ್ತ ಮಾತಿಗೆ ಉತ್ತರಿಸದೆ ಇರುತ್ತಾನೆ. ದೆವ್ವ ಮೆಟ್ಟಿತೆಂದು ಹೊಡೆಸಿಕೊಂಡವರಲ್ಲಿ ಇಂಥವರೂ ಇದ್ದಾರೆ.

ಆ ಹುಡುಗನದು ಬಿಸಿನೀರಿನ ಸೆಳವು. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದು ಜಗತ್ತಿನ ವೈದ್ಯರ ಗಮನ ಸೆಳೆದ ಬಗೆ ಇದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1972ರಲ್ಲಿ ಇಂತಹ 60 ರೋಗಿಗಳ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ಹೊರತಂದರು. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ತಲೆಯ ಮೇಲೆ ಬಿಡುವಿಲ್ಲದೆ ಹೊಯ್ದುಕೊಳ್ಳುವುದೇ ಇದಕ್ಕೆ ಪ್ರಚೋದನೆ. ಕೆಲವರು ಸೆಳವು ಆರಂಭವಾಗುವಾಗ ನಿಲ್ಲಿಸದೆ ಇನ್ನೂ ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ನೀರನ್ನು ಉಗುರುಬೆಚ್ಚಗೆ ಮಾಡಿ, ತಲೆಗೆ ನಿಧಾನವಾಗಿ ಸ್ವಲ್ಪವೇ ಹಾಕಿಕೊಂಡರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗಲು ವೈದ್ಯರು ಕ್ಲೋಬಜಾಮ್ ಮಾತ್ರೆ ಬರೆದುಕೊಡುತ್ತಾರೆ. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಸೆಳವು ಬರುವುದರಿಂದ ತಜ್ಞರಿಗೆ ತೋರಿಸುವುದನ್ನು ತಪ್ಪಿಸಬಾರದು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗಣಿ ಹಾಕಬಾರದು. ಹಂಡೆಯ ಒಲೆ ಪಕ್ಕದಲ್ಲೇ ಇದ್ದರಂತೂ ಯಾರಾದರೂ ಜೊತೆಯಲ್ಲಿರಬೇಕು.

ಸೆಳವಿನ ಇನ್ನೊಂದು ಕಾರಣ ನೇರವಾಗಿ ನಮ್ಮ ಹೊಲಕ್ಕೆ ಸಂಬಂಧಿಸಿದ್ದು: ಹಂದಿಯ ಲಾಡಿಹುಳು. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ, ಅದರ ಮೊಟ್ಟೆ ಮಲದಲ್ಲಿ ಹೊರಬೀಳುತ್ತದೆ. ಆ ಮೊಟ್ಟೆ ಸೊಪ್ಪು ತರಕಾರಿಯ ಮೂಲಕವೋ ತೊಳೆಯದ ಕೈಯಿಂದಲೋ ಹೊಟ್ಟೆ ಸೇರಿದರೆ, ಮರಿಗಳು ರಕ್ತದೊಡನೆ ಮಿದುಳಿಗೆ ಹೋಗಿ ಗುಳ್ಳೆಗಳಾಗಿ ಕೂರುತ್ತವೆ. ಆದ್ದರಿಂದ ಮಾಂಸವನ್ನೇ ಮುಟ್ಟದವರಿಗೂ ಇದು ಬರುತ್ತದೆ. ವೃಷಭಾವತಿ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತು ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರುತ್ತದೆ. ಆ ನೀರಿನಲ್ಲಿ ಗೊಬ್ಬರದ ಅಂಶವಿದೆಯೆಂದು ಖುಷಿಪಡುವ ರೈತರನ್ನು ನಾನು ಬಲ್ಲೆ. ಅಂಶವೇನೋ ಇದೆ. ಆದರೆ ಮನುಷ್ಯರ ಮಲ ಬೆರೆತ ನೀರಿನಲ್ಲಿ ಕೊತ್ತಂಬರಿ, ಮೂಲಂಗಿ, ಸೌತೆಯಂತಹ ಹಸಿಯಾಗಿ ತಿನ್ನುವ ಬೆಳೆ ಬೇಡ. ಕಿತ್ತ ಸೊಪ್ಪನ್ನು ಕಾಲುವೆಯಲ್ಲಿ ಅದ್ದಿ ತೊಳೆದು ಮಾರುಕಟ್ಟೆಗೆ ಕಳಿಸುವುದಂತೂ ಕೂಡದು. ಮನೆಯಲ್ಲಿ ಶುದ್ಧ ನೀರಿನಲ್ಲಿ ಹಲವು ಸಲ ತೊಳೆಯಿರಿ. ಬೇಯಿಸಿದರೆ ಮೊಟ್ಟೆ ಸಾಯುತ್ತದೆ.

ಔಷಧಿ ಸಿಂಪಡಿಸುವಾಗ ಅಥವಾ ಸಿಂಪಡಿಸಿದ ದಿನ ಸೆಳವು ಬಂದರೆ ಮೊದಲು ಕೀಟನಾಶಕದ ವಿಷವೆಂದೇ ಶಂಕಿಸಿ, ಡಬ್ಬಿಯ ಚೀಟಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಹಳ್ಳಿಗಳಲ್ಲೇ ಈ ರೋಗ ಹೆಚ್ಚು. ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆಯ ವರದಿ 2004ರಲ್ಲಿ ಬಂತು. ಮೂರ್ಛೆ ರೋಗಿಗಳು ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಯಲ್ಲಿ 11.9. ಚಿಕಿತ್ಸೆ ದುಬಾರಿಯೆಂದು ಹೆದರಬೇಕಿಲ್ಲ. ಯಳಂದೂರು ತಾಲ್ಲೂಕಿನಲ್ಲಿ ಡಾ. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂತಹ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳಿಗೆ ಚಿಕಿತ್ಸೆ ನೀಡಿ, ಉತ್ತಮ ಫಲಿತಾಂಶವನ್ನು 2001ರಲ್ಲಿ ಪ್ರಕಟಿಸಿದ್ದಾರೆ. ಷರತ್ತು ಒಂದೇ: ಒಂದು ಹೊತ್ತೂ ತಪ್ಪಿಸಬಾರದು. ನಾಲ್ಕು ತಿಂಗಳು ಸೆಳವು ಬರಲಿಲ್ಲವೆಂದೋ, ಮದುವೆ ಗೊತ್ತಾಯಿತೆಂದೋ ತಾವಾಗಿ ಮಾತ್ರೆ ನಿಲ್ಲಿಸಿದವರಿಗೆ ಸೆಳವು ಮೊದಲಿಗಿಂತ ಜೋರಾಗಿ ಬರಬಹುದು. ಮದುವೆಗೆ ಮೂರ್ಛೆ ರೋಗ ಅಡ್ಡಿಯೆನ್ನುವ ಮಾತನ್ನು 1999ರಲ್ಲೇ ಹಿಂದೂ ವಿವಾಹ ಕಾಯಿದೆಯಿಂದ ತೆಗೆಯಲಾಗಿದೆ. ಸೆಳವು ಹತೋಟಿಗೆ ಬರುವವರೆಗೆ ಬಾವಿ, ಕೃಷಿ ಹೊಂಡದ ಕಡೆ ಒಬ್ಬರೇ ಹೋಗುವುದು, ತೆಂಗಿನ ಮರ ಹತ್ತುವುದು, ಟ್ರ್ಯಾಕ್ಟರ್ ನಡೆಸುವುದು ಬೇಡ.

ಸೆಳವು ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಕಿಲ್ಲ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಹತ್ತಿರದ ಕುಡುಗೋಲು, ಕಲ್ಲು, ಬೆಂಕಿ ಸರಿಸಿ, ತಲೆಯಡಿ ಟವಲು ಮಡಿಚಿಟ್ಟು, ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಜೊತೆಯಲ್ಲಿರುವವರೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಲಿ: ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ಹೊರಳಿತು ಎಂಬುದು ಮನೆಯವರ ಹತ್ತು ಮಾತಿಗಿಂತ ವೈದ್ಯರಿಗೆ ಹೆಚ್ಚು ಹೇಳುತ್ತದೆ.